ಕೆರೆಗಳ ನಾಡಿನಲ್ಲಿ ಒಂದು ಖಾಲಿ ಷರಾ

ಸಿಂಧನೂರು ಬಸ್ ನಿಲ್ದಾಣ

ಅಮರಪ್ಪನವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ರಿಜಿಸ್ಟರ್‌ಗಳೇ ಹೆಚ್ಚಿದ್ದವು. ಹೈದರಾಬಾದಿಗೆ ಹೊರಟ ಬೆಳಗಿನ ಬಸ್ಸಿನ ಮೇಲೆ ಅದನ್ನು ಏರಿಸಲು ಬಂದ ಹಮಾಲ ಒಂದು ಸಲ ಎತ್ತಿ ನೋಡಿ ಕೆಳಗಿಟ್ಟ.

"ಏನ್ ತುಂಬೀರಿ ಸಾಹೇಬ್ರ, ಹಾಸಗಲ್ಲಾ?"

"ಹನ್ನೊಂದು ವರ್ಷದ ನೀರು ತುಂಬೀನಿ. ಹಿಡಿ ಆ ಕಡಿ."

ಅದು ಪೂರ್ತಿ ತಮಾಷೆಯಲ್ಲ. ಅಮರಪ್ಪ ಕಾಲುವೆ ಇಲಾಖೆಯ ಕಿರಿಯ ಎಂಜಿನಿಯರ್. ಬಳಗಾನೂರಿನ ಆಚೆ, ನಮ್ಮ ಉಪಕಾಲುವೆ ಮುಗಿಯುವ ಕಡೆ ಇರುವ ಗೇಜ್ ಅವರ ಸುಪರ್ದಿಯಲ್ಲಿತ್ತು. ಗೇಜ್ ಎಂದರೆ ದೊಡ್ಡದೇನಲ್ಲ. ಕಾಲುವೆಯ ಗೋಡೆಗೆ ಜಡಿದ, ಅಂಕಿ ಬರೆದ ಒಂದು ಪಟ್ಟಿ. ನೀರು ಯಾವ ಅಂಕಿಯವರೆಗೆ ನಿಂತಿದೆ ಎಂದು ದಿನವೂ ಬೆಳಿಗ್ಗೆ ಆರಕ್ಕೆ ನೋಡಿ ಬರೆಯಬೇಕು. ಇಷ್ಟು ಮಟ್ಟವಿದ್ದರೆ ಇಷ್ಟು ನೀರು ಹರಿಯುತ್ತಿದೆ ಎಂದು ತಿಳಿಸುವ ಪಟ್ಟಿ ಕಚೇರಿಯಲ್ಲಿರುತ್ತದೆ. ಮಸ್ಕಿಯಿಂದ ಸೈಕಲ್ ತುಳಿದು ಹೋಗಿ ಅಮರಪ್ಪ ಹನ್ನೊಂದು ವರ್ಷ ಇದನ್ನೇ ಮಾಡಿದ್ದರು.

ತಕರಾರು ಇದ್ದದ್ದು ಇಲ್ಲಿ. ಮೇಲೆ, ತುರ್ವಿಹಾಳದ ಹತ್ತಿರ ಇನ್ನೊಂದು ಗೇಜ್ ಇದೆ. ಅದರ ಪ್ರಕಾರ ಕೆಳಗೆ ಬರಬೇಕಾಗಿದ್ದ ನೀರು ಅಮರಪ್ಪನವರ ಗೇಜಿಗೆ ಬರುತ್ತಿರಲಿಲ್ಲ. ನಡುವಿನ ತೂಬುಗಳಿಗೆ ಹೋಗುವುದನ್ನು ಕಳೆದರೂ ಲೆಕ್ಕ ಕೂಡುತ್ತಿರಲಿಲ್ಲ. ಎರಡರಲ್ಲಿ ಒಂದು ಗೇಜ್ ಸುಳ್ಳು ಎಂದಾಯಿತು. ಕೆಳಗಿನ ರೈತರಿಗೆ ಹೆಚ್ಚು ನೀರು ಬಿಡಿಸಲು ಅಮರಪ್ಪನೇ ಕಡಿಮೆ ಬರೆಯುತ್ತಿದ್ದಾನೆಂದು ಕಚೇರಿ ತೀರ್ಮಾನಿಸಿ ಮೆಮೊ ಕೊಟ್ಟಿತು. 'ಕೊನೆಯ ಗೇಜಿನಲ್ಲಿ ಸುಳ್ಳು ಲೆಕ್ಕ' ಎಂದು ನಮ್ಮ ಪತ್ರಿಕೆಯ ಮೊದಲ ಪುಟದಲ್ಲಿ ಬಂತು. ಆ ಸುದ್ದಿ ಬರೆದವನು ನಾನು. ಕಚೇರಿಯಲ್ಲಿ ಹೇಳಿದ್ದನ್ನು ಬರೆದಿದ್ದೆ. ಗೇಜ್ ನೋಡಿರಲಿಲ್ಲ, ಅಮರಪ್ಪನವರನ್ನು ಕೇಳಿರಲಿಲ್ಲ. ಸಿಂಧನೂರಿನಿಂದ ಬಳಗಾನೂರಿಗೆ ಬಸ್ಸಿತ್ತು.

ಹಿಂದಿನ ವರ್ಷ ಫಿನ್ಲೆಂಡಿನ ಜಲತಜ್ಞರೊಬ್ಬರು ನಮ್ಮ ಕಾಲುವೆ ನೋಡಲು ಬಂದಿದ್ದರು. ಒಂದು ದಿನವೂ ತಪ್ಪದ ರಿಜಿಸ್ಟರ್ ಕಂಡು ಬೆರಗಾಗಿ, ಅಮರಪ್ಪನವರನ್ನು ಹೆಸರು ಹಿಡಿದು ತಮ್ಮ ದೇಶಕ್ಕೆ ಕರೆಸಿಕೊಂಡಿದ್ದರು. ಜೊತೆಗೆ ಕಾಲುವೆ ಸೀಮೆಯ ಒಬ್ಬ ವರದಿಗಾರನಿಗೂ ಜಾಗವಿತ್ತು, ಅದು ನನಗೆ ಬಂತು. ಮೆಮೊ ಬಂದಿದ್ದರೂ ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಕಾಲುವೆ ಬಂದ್ ಇದ್ದ ಜೂನ್ ತಿಂಗಳು. ಮೇಲಧಿಕಾರಿ ರಜೆ ಮಂಜೂರು ಮಾಡುತ್ತಾ, "ಹೋಗಿ ಬಾ. ನಿನ್ನ ಗೇಜ್ ಖರೇನೋ ಸುಳ್ಳೋ ಅಲ್ಲಿಯವರನ್ನೇ ಕೇಳಿ ಬರಸ್ಕೊಂಡು ಬಾ" ಎಂದರಂತೆ. ಅವರು ಅಣಕಿಸಿದ್ದು. ಅಮರಪ್ಪ ಅದನ್ನು ಆದೇಶವೆಂದೇ ತಿಳಿದುಕೊಂಡರು.

ಬಸ್ಸಿನಲ್ಲಿ ಪಕ್ಕ ಕೂತು ಕಿಸೆಯಿಂದ ಮಡಚಿದ ಕಾಗದ ತೆಗೆದು ತೋರಿಸಿದರು. ನನ್ನದೇ ಸುದ್ದಿಯ ತುಣುಕು.

"ನೀವು ಬರದದ್ದು ಅಂತ ಗೊತ್ತೈತಿ. ಸಿಟ್ಟಿಲ್ಲ ಬಿಡ್ರಿ. ದಾರಿ ಭಾಳ ದೂರ ಐತಿ, ಈಗ್ಲೇ ಹೇಳಿಬಿಟ್ರ ಹಗರಾಗ್ತೈತಿ."

ನಾನು ಕಿಟಕಿಯಾಚೆ ನೋಡಿದೆ.

ಕಿಟಕಿಯಾಚೆಯ ದೇಶ

ವಿಮಾನ ಇಳಿಯುವಾಗ ಕೆಳಗೆ ನೆಲ ಯಾವುದು, ನೀರು ಯಾವುದು ಎಂದು ಗೊತ್ತಾಗಲಿಲ್ಲ. ಕಾಡಿನ ನಡುವೆ ನೀರಿನ ತುಂಡುಗಳು, ತುಂಡುಗಳ ನಡುವೆ ಸಣ್ಣ ದಾರದಂಥ ಹೊಳೆಗಳು.

"ನಾಟಿಗಿಂತ ಮೊದಲ ಗೊರೇಬಾಳದ ಗದ್ದಿ ಕಂಡಂಗ ಕಾಣ್ತೈತಿ ನೋಡ್ರಿ," ಎಂದರು ಅಮರಪ್ಪ. "ಬದುವಿನ ಮ್ಯಾಲ ಗಿಡ ಬೆಳಸ್ಯಾರ, ಅಷ್ಟ."

ಆ ದೇಶದ ಜನ ಮಾತಾಡುವುದಿಲ್ಲ. ರೈಲಿನಲ್ಲಿ ನಾಲ್ಕು ತಾಸು ನಮ್ಮ ಎದುರು ಕೂತ ಗಂಡಹೆಂಡತಿ ಯಾವ ಊರು ಎಂದು ನಮ್ಮನ್ನು ಕೇಳಲಿಲ್ಲ. ತಮ್ಮ ತಮ್ಮೊಳಗೂ ಏನೂ ಕೇಳಿಕೊಳ್ಳಲಿಲ್ಲ. ಜಗಳವಾಡಿದ್ದಾರೆಂದು ಅಮರಪ್ಪ ಊಹಿಸಿದರು. ಇಳಿಯುವಾಗ ಆ ಹೆಂಗಸು ಗಂಡನ ಕಾಲರ್ ಸರಿಮಾಡಿದಳು. "ಜಗಳಲ್ಲ ಬಿಡ್ರಿ. ಉಳಿತಾಯ ಮಾಡಾಕತ್ಯಾರ" ಎಂದು ತೀರ್ಪು ತಿದ್ದಿಕೊಂಡರು.

ಊಟದ್ದೇ ಚಿಂತೆಯಾಗಿತ್ತು ಅವರಿಗೆ. ಕೊರಳಲ್ಲಿ ಲಿಂಗ ಕಟ್ಟಿದವರು, ಮೊಟ್ಟೆಯನ್ನೂ ಮುಟ್ಟುವವರಲ್ಲ. ನಾವಿಳಿದ ಮನೆಯ ಅಡುಗೆಕೋಣೆಯಲ್ಲಿ, ಮಾಡಿನ ಕೆಳಗೆ ಅಡ್ಡ ಕಟ್ಟಿದ ಕೋಲಿಗೆ ನಡುವೆ ತೂತಿರುವ ಕಂದು ಬಣ್ಣದ ಒಣ ರೊಟ್ಟಿಗಳನ್ನು ಪೋಣಿಸಿ ನೇತುಹಾಕಿದ್ದರು. ಅಮರಪ್ಪ ಒಂದನ್ನು ಮುರಿದರು. ಪಟ್ ಎಂದಿತು.

"ಕಟಕ ರೊಟ್ಟಿರೀ ಇವು! ಮಂದಿ ನಮ್ಮವರ ಅದಾರ."

ಮನೆಯಿಂದ ತಂದ ಶೇಂಗಾ ಹಿಂಡಿ, ಅಲ್ಲಿಯ ಮೊಸರು, ಆ ರೊಟ್ಟಿ. ಹದಿನೈದು ದಿನ ಅವರು ಬೇರೇನೂ ಕೇಳಲಿಲ್ಲ.

ಪೆಕ್ಕಾ ಅವರ ಕೋಣೆ

ನಮ್ಮನ್ನು ಕರೆಸಿದ ತಜ್ಞರ ಹೆಸರು ಪೆಕ್ಕಾ. ನಲವತ್ತರ ಆಸುಪಾಸು, ಉದ್ದನೆಯ ಮನುಷ್ಯ. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಮುಂಚೆ ನೀರು ಕುದಿಯುವಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಅವರದು ಇಂಗ್ಲಿಷ್, ಅಮರಪ್ಪನವರದು ಅರ್ಧ ಇಂಗ್ಲಿಷ್. ನಡುವೆ ನಾನು.

ಒಂದು ನದಿ ಕೆರೆಯಿಂದ ಕೆರೆಗೆ ಇಳಿಯುತ್ತಾ ಸಮುದ್ರ ಸೇರುತ್ತದೆ. ಮೇಲೆ ಹಿಮ ಕರಗಿದರೆ ಕೆಳಗಿನ ಊರಿಗೆ ನೀರು ಯಾವಾಗ, ಎಷ್ಟು ಬರುತ್ತದೆ ಎಂದು ಮೊದಲೇ ಹೇಳುವ ಲೆಕ್ಕವನ್ನು ಪೆಕ್ಕಾ ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದರು. ಅದಕ್ಕೆ ಮಾದರಿ ಎನ್ನುತ್ತಾರೆ. ಬರೀ ಹೊಳೆಯಾದರೆ ಸುಲಭ. ಕೆರೆ ಸಿಕ್ಕಿತೆಂದರೆ ನೀರು ಅಲ್ಲಿ ಹರಡಿಕೊಳ್ಳುತ್ತದೆ, ತಂಗುತ್ತದೆ, ಕೆರೆಯ ಬಾಯಿ ಎಷ್ಟು ಬಿಡುತ್ತದೋ ಅಷ್ಟೇ ಮುಂದೆ ಹೋಗುತ್ತದೆ.

ನಾನು ಅನುವಾದಿಸುವ ಮೊದಲೇ ಅಮರಪ್ಪನವರಿಗೆ ಅರ್ಥವಾಗಿತ್ತು. "ನಮ್ಮ ಕಾಲುವಿಗೆ ಸಾವಿರ ಬಾಯಿ. ಇವರ ಹೊಳಿಗೆ ನೂರು ಹೊಟ್ಟಿ. ಒಂದು ಹೊಟ್ಟಿ ತುಂಬಿದ ಮ್ಯಾಲ ಮುಂದಿನದಕ್ಕ. ಹೌದೋ ಅಲ್ಲೋ ಕೇಳ್ರಿ."

ಕೇಳಿದೆ. ಪೆಕ್ಕಾ ಯೋಚಿಸಿ, ನಾನು ಇದನ್ನು ಹೇಳಲು ವಿದ್ಯಾರ್ಥಿಗಳೆದುರು ಒಂದು ತಾಸು ತೆಗೆದುಕೊಳ್ಳುತ್ತಿದ್ದೆ ಎಂದರು.

ಪ್ರತಿ ಕೆರೆಯ ಬಾಯಿ ಎಷ್ಟು ಅಗಲ, ಎಷ್ಟು ಸಲೀಸು ಎಂಬುದಕ್ಕೆ ಮಾದರಿಯಲ್ಲಿ ಒಂದು ಅಂಕಿ ಇರುತ್ತದೆ. ಅದನ್ನು ಯಾರೂ ನೇರವಾಗಿ ಅಳೆಯಲಾರರು. ಹಳೆಯ ವರ್ಷಗಳ ದಾಖಲೆ ಎದುರಿಗಿಟ್ಟುಕೊಂಡು, ಮಾದರಿ ಹೇಳುವ ಗೆರೆ ನಿಜವಾಗಿ ಅಳೆದ ಗೆರೆಯ ಮೇಲೆ ಕೂರುವ ತನಕ ಆ ಅಂಕಿಯನ್ನು ಹೆಚ್ಚುಕಡಿಮೆ ಮಾಡಬೇಕು. ರೇಡಿಯೊದ ಗುಂಡಿ ತಿರುಗಿಸುತ್ತಾ ನಿಲಯ ಹಿಡಿದಂತೆ. ಪೆಕ್ಕಾ ಎಲ್ಲ ಕೆರೆಗಳನ್ನೂ ಹಿಡಿದಿದ್ದರು, ಒಂದನ್ನು ಬಿಟ್ಟು. ನಾವು ಇಳಿದುಕೊಂಡ ಮನೆಯ ಎದುರಿನ ಸಣ್ಣ ಕೆರೆ. ಅದರ ಮಟ್ಟ ನೋಡಿ ಇಷ್ಟು ನೀರು ಹೊರಡುತ್ತದೆ ಎಂದು ಮಾದರಿ ಹೇಳುತ್ತಿತ್ತು. ಕೆಳಗಿನ ದೊಡ್ಡ ಕೆರೆಯ ಹೊಸ್ತಿಲಲ್ಲಿ ಹರಿವನ್ನೇ ಅಳೆಯುವ ಯಂತ್ರ ಕಡಿಮೆ ತೋರಿಸುತ್ತಿತ್ತು. ಪ್ರತಿ ಬೇಸಿಗೆ, ಕೆಲವು ದಿನ. ಬೇಸಿಗೆ ಕೂಡಿಸಲು ಅಂಕಿ ಇಳಿಸಿದರೆ ವಸಂತದ ಪ್ರವಾಹ ಕೆಡುತ್ತಿತ್ತು. ಎರಡು ವರ್ಷದಿಂದ ಅವರು ಅದೇ ಗುಂಡಿ ತಿರುಗಿಸುತ್ತಿದ್ದರು.

ನಾನು ಅನುವಾದಿಸಿ ಮುಗಿಸಿದಾಗ ಅಮರಪ್ಪನವರ ಮುಖ ಬದಲಾಗಿತ್ತು.

"ಮ್ಯಾಲ ಬರೋಬ್ಬರಿ, ಕೆಳಗ ಕಡಿಮಿ. ಇದು ನನ್ನ ಕೇಸ್ ರೀ! ಕೆಳಗಿನ ಗೇಜ್ ನೋಡೋ ಮನಿಷಾಗ ಇಲ್ಲಿ ಏನ್ ಮಾಡಿದ್ರಂತ?"

ಏನೂ ಮಾಡಿಲ್ಲ, ಅಲ್ಲಿ ಯಂತ್ರ ಇದೆ ಎಂದರು ಪೆಕ್ಕಾ.

"ಯಂತ್ರಕ್ಕ ಮೆಮೊ ಇಲ್ಲ ನೋಡ್ರಿ. ಪುಣ್ಯ ಮಾಡೈತಿ."

ಆ ಕೆರೆಯ ಹಳೆಯ ದಾಖಲೆ ಪುಸ್ತಕ ತರಿಸಿಕೊಂಡು ಅವರು ಪುಟ ಪುಟ ನೋಡಿದರು. ಓದಲು ಬಾರದ ಭಾಷೆ, ಆದರೆ ರಿಜಿಸ್ಟರ್ ರಿಜಿಸ್ಟರೇ: ದಿನಾಂಕ, ಮಟ್ಟ, ಕೊನೆಗೊಂದು ಅಗಲವಾದ ಕಾಲಂ. ಒಂದು ಕಡೆ ಬೆರಳಿಟ್ಟು ನಿಂತರು.

"ಅಂಕಿ ತಿದ್ಯಾರ, ಸಹಿ ಇಲ್ಲ! ನಮ್ಮಲ್ಲಿ ಹಿಂಗ ನಡಿಯಂಗಿಲ್ಲ. ಹಳೇದಕ್ಕ ಒಂದು ಗೆರಿ ಎಳದು, ಬಾಜೂಕ ಹೊಸಾದು ಬರದು, ತಪ್ಪು ಮಾಡಿದಾವ ಸಹಿ ಹಾಕಬೇಕು." ಆಮೇಲೆ ಕೊನೆಯ ಕಾಲಂ ತೋರಿಸಿದರು. "ಇದು ಷರಾ ಅಲ್ಲೇನು? ಒಂದು ಅಕ್ಷರನೂ ಇಲ್ಲ."

ಹೌದು, ವಿಶೇಷ ಏನಾದರೂ ಇದ್ದರೆ ಬರೆಯಲು ಎಂದರು ಪೆಕ್ಕಾ. ವಿಶೇಷ ಏನೂ ನಡೆಯುವುದಿಲ್ಲ.

ಅಮರಪ್ಪ ತಮ್ಮ ರಿಜಿಸ್ಟರ್ ತೆಗೆದು ಪಕ್ಕದಲ್ಲಿಟ್ಟರು. ಹನ್ನೊಂದು ವರ್ಷದ ಷರಾ ಕಾಲಂ ಅಲ್ಲಿಯೂ ಖಾಲಿ.

ಕೆರೆಯ ದಂಡೆ

ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವ ಶಾಸ್ತ್ರ ಮಾಡಿ ಮತ್ತೆ ಏಳುತ್ತಾನೆ. ಮೊದಲ ದಿನ ಎಚ್ಚರವಾದಾಗ ಅಮರಪ್ಪನವರ ಹಾಸಿಗೆ ಖಾಲಿಯಿತ್ತು. ಕಿಟಕಿಯಿಂದ ನೋಡಿದರೆ ಕೆರೆಯ ಮರದ ಕಟ್ಟೆಯ ಮೇಲೆ ಸ್ವೆಟರ್ ಹಾಕಿ, ತಲೆಗೆ ಟವೆಲ್ ಸುತ್ತಿ ಕೂತಿದ್ದರು. ಹೊತ್ತಾಯಿತೆಂದು ಎದ್ದು ಸ್ನಾನ, ಲಿಂಗಪೂಜೆ ಮುಗಿಸಿ ಕಟ್ಟೆಯ ಕಂಬಕ್ಕೆ ಜಡಿದ ಗೇಜ್ ನೋಡಲು ಹೋಗಿದ್ದರಂತೆ. ಗಡಿಯಾರ ನೋಡಿದಾಗ ಮೂರೂವರೆ. ಆರಕ್ಕೆ ನೋಡದಿದ್ದರೆ ಅದು ರೀಡಿಂಗ್ ಅಲ್ಲ ಎಂದು ಕಾಯುತ್ತಾ ಕೂತಿದ್ದರು. ಆ ಕೆರೆಯ ಮಟ್ಟ ಬರೆಯಲು ಯಾರೂ ಅವರಿಗೆ ಹೇಳಿರಲಿಲ್ಲ.

ಮೂರು ದಿನ ಬರೆದರು. ನಾಲ್ಕನೆಯ ದಿನ ತಿಂಡಿಗೆ ಬಂದ ಪೆಕ್ಕಾ ಅವರ ಮುಂದೆ ಚೀಟಿ ಇಟ್ಟರು. ಮಟ್ಟ ಮೊದಲೆರಡು ದಿನ ಒಂದೇ. ಮೂರನೆಯ ದಿನದಿಂದ ಏರುತ್ತಿದೆ.

"ಮಳಿ ಇಲ್ಲ. ಮ್ಯಾಲಿನ ಹೊಳಿ ಏರಿಲ್ಲ. ಕೆರಿ ಯಾಕ ಏರಾಕತ್ತೈತಿ, ಕೇಳ್ರಿ ಪೆಕ್ಕಪ್ಪಗ."

ಗಾಳಿ, ಎಂದರು ಪೆಕ್ಕಾ. ಗಾಳಿ ಒಂದೇ ದಿಕ್ಕಿಗೆ ಬೀಸಿದರೆ ಕೆರೆಯ ನೀರು ಒಂದು ಕಡೆಗೆ ಒತ್ತಿಕೊಳ್ಳುತ್ತದಂತೆ. ಅಮರಪ್ಪ ಕಿಟಕಿಯತ್ತ ಕೈ ತೋರಿದರು. ಕೆರೆ ಕನ್ನಡಿಯಂತಿತ್ತು, ಆಚೆ ದಡದ ಗಿಡಗಳು ತಲೆಕೆಳಗಾಗಿ ನಿಂತಿದ್ದವು.

"ಕೆಳಗ ಬಾಯಿಗೆ ಯಾರೋ ಕಲ್ಲು ಇಟ್ಟಾರ."

ಇದನ್ನು ಅನುವಾದಿಸಲು ನನಗೆ ಸಂಕೋಚವಾಯಿತು. ಪರದೇಶದಲ್ಲಿ ಅತಿಥಿಗಳಾಗಿ ಬಂದು, ನಿಮ್ಮವರು ನೀರು ಕಟ್ಟಿದ್ದಾರೆ ಎನ್ನುವುದು. ಆದರೂ ಹೇಳಿದೆ. ಪೆಕ್ಕಾ ನಕ್ಕರು. ನಮ್ಮ ದೇಶದಲ್ಲಿ ಹಾಗೆ ಯಾರೂ ಮಾಡುವುದಿಲ್ಲ ಎಂದರು.

"ನಮ್ಮ ಕಚೇರಿಯವರೂ ಹಿಂಗ ಅಂದಿದ್ರು. ಹೋಗಿ ನೋಡೋಣೇನು?"

ಹಳೆಯ ಗಿರಣಿ

ಕೆರೆಯ ಬಾಯಿಗೆ ಕಾಡಿನೊಳಗೆ ಅರ್ಧ ತಾಸಿನ ದಾರಿ. ಸೊಳ್ಳೆಗಳು ನಮ್ಮ ಗದ್ದೆ ಸೊಳ್ಳೆಗಿಂತ ದೊಡ್ಡವು. ಆ ಜನರಂತೆಯೇ ಸದ್ದಿಲ್ಲದೆ ಕೆಲಸ ಮಾಡುತ್ತವೆ. ಬಾಯಿಯಲ್ಲಿ ಪಾಳುಬಿದ್ದ ಹಿಟ್ಟಿನ ಗಿರಣಿಯಿತ್ತು. ಅದರ ಕಲ್ಲಿನ ಕಾಲುವೆಯಲ್ಲಿ ನೀರು ಹೊರಗೆ ಹೋಗಬೇಕು.

ಕಲ್ಲಿನ ಸಂದಿಗೆ ಮೂರು ಹಲಗೆ ಇಳಿಬಿಟ್ಟಿದ್ದರು. ಬಿರುಕಿಗೆ ಹಳೆಯ ಕಂಬಳಿಯ ಚೂರು ತುರುಕಿದ್ದರು. ಮೇಲಿಂದ ತೆಳ್ಳಗೆ ನೀರು ಜಾರುತ್ತಿತ್ತು, ಅಷ್ಟೇ. ಪೆಕ್ಕಾ ನಿಂತಲ್ಲೇ ನಿಂತರು.

ಮಾಡಿದ್ದು ಯಾರೆಂದು ಹುಡುಕಬೇಕಾಗಿರಲಿಲ್ಲ. ಹತ್ತು ಹೆಜ್ಜೆ ಆಚೆ, ನೀರಿನೊಳಕ್ಕೆ ಚಾಚಿದ ಕಟ್ಟೆಯ ಮೇಲೆ ಮೊಣಕಾಲೂರಿ ಒಬ್ಬ ಅಜ್ಜಿ ಚಾಪೆಯಂಥ ನೆಲಹಾಸನ್ನು ಬ್ರಷ್‌ನಿಂದ ತಿಕ್ಕುತ್ತಿದ್ದಳು. ಅಲ್ಲಿಯವರು ನಡುಬೇಸಿಗೆಯ ಹಬ್ಬಕ್ಕೆ ಮುಂಚೆ ಮನೆಯ ನೆಲಹಾಸುಗಳನ್ನೆಲ್ಲ ಕೆರೆಗೆ ತಂದು ತೊಳೆಯುತ್ತಾರೆ. ಅವಳ ಹೆಸರು ಹೆಲ್ಮಿ. ಪೆಕ್ಕಾ ಅವಳ ಭಾಷೆಯಲ್ಲಿ ಕೇಳಿದರು, ಅವಳು ತಿಕ್ಕುವುದನ್ನು ನಿಲ್ಲಿಸದೆ ಹೇಳಿದಳು. ಹಬ್ಬಕ್ಕೆ ಮುಂಚೆ ಹಲಗೆ ಇಡುತ್ತೇವೆ, ಹಬ್ಬ ಮುಗಿದ ಮೇಲೆ ತೆಗೆಯುತ್ತೇವೆ. ಇಲ್ಲದಿದ್ದರೆ ನೀರು ಕಟ್ಟೆಯ ಕೆಳಗೇ ಉಳಿಯುತ್ತದೆ. ನೆಲಹಾಸು ತೊಳೆಯುವುದು ಹೇಗೆ, ಇಗರ್ಜಿಗೆ ಹೋಗುವ ದೊಡ್ಡ ದೋಣಿ ತೇಲಿಸುವುದು ಹೇಗೆ? ನನ್ನ ಅಮ್ಮನ ಕಾಲದಿಂದ ಹೀಗೇ. ದಡದ ಮೂರೂ ಮನೆಯವರಿಗೆ ಗೊತ್ತು.

ಕಚೇರಿಗೆ ಯಾಕೆ ಹೇಳಲಿಲ್ಲ?

"ನೀವು ಕೇಳಲಿಲ್ಲ."

ಪೆಕ್ಕಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅನುವಾದಿಸುವಷ್ಟರಲ್ಲಿ ಅಮರಪ್ಪ ಪ್ಯಾಂಟು ಮೇಲೆ ಮಡಚಿ ನೀರಿಗಿಳಿದಿದ್ದರು. ಕಾಲುವೆಯಲ್ಲಿ ಅಡ್ಡ ಕಂಡರೆ ಕೈ ತಾನೇ ಹೋಗುತ್ತದೆ. ಅವರ ನೌಕರಿಯೇ ಅದು. ಮೇಲಿನ ಹಲಗೆ ಹಿಡಿದು ಎಳೆದರು. "ಯವ್ವಾ, ಹಿಂಗ ಮಾಡಬಾರದು, ಕೆಳಗಿನವರಿಗೆ ನೀರು—" ಎನ್ನುವಷ್ಟರಲ್ಲಿ ಪಾಚಿಯ ಮೇಲೆ ಕಾಲು ಜಾರಿ ಕುತ್ತಿಗೆ ತನಕ ಮುಳುಗಿದರು. ಹಿಮ ಕರಗಿ ಬಂದ ನೀರು. ಹೆಲ್ಮಿ ಬ್ರಷ್ ಬಿಸಾಕಿ, ತೊಳೆಯುತ್ತಿದ್ದ ನೆಲಹಾಸಿನ ಒಂದು ತುದಿಯನ್ನೇ ಅವರ ಕಡೆ ಎಸೆದಳು. ಅದನ್ನು ಹಿಡಿದು ನಾವು ಮೂವರೂ ಅವರನ್ನು ಎಳೆದುಕೊಂಡೆವು. ಹಲ್ಲು ಕಟಕಟ ಎನ್ನುತ್ತಿದ್ದರೂ ಅವರ ಮೊದಲ ಮಾತು ಗೇಜಿನದೇ: "ಹಲಗಿ ಅಲುಗ್ಯಾವ, ನಾಳಿನ ರೀಡಿಂಗ್ ಕೆಟ್ಟಿತು."

ಬಿಸಿ ಕೋಣೆ

ಅಲ್ಲಿ ಪ್ರತಿ ಮನೆಗೂ ಕೆರೆ ದಂಡೆಯಲ್ಲಿ ಮರದ ಸಣ್ಣ ಕೋಣೆಯಿರುತ್ತದೆ. ಒಲೆಯ ಮೇಲೆ ಕಲ್ಲು ಕಾಯಿಸಿ, ಅದಕ್ಕೆ ನೀರು ಚಿಮುಕಿಸಿ, ಏಳುವ ಹಬೆಯಲ್ಲಿ ಬೆತ್ತಲೆ ಕೂರುತ್ತಾರೆ. ಅದಕ್ಕೆ ಸೌನಾ ಎನ್ನುತ್ತಾರೆ. ಅಮರಪ್ಪನವರನ್ನು ಹೆಲ್ಮಿ ನೇರ ಅಲ್ಲಿಗೆ ಅಟ್ಟಿದಳು. ಪೆಕ್ಕಾ ಮತ್ತು ನಾನು ಹಿಂದೆ ಹೋದೆವು. ಅಮರಪ್ಪ ಟವೆಲ್ ಬಿಚ್ಚಲು ಒಪ್ಪಲಿಲ್ಲ. ಮೇಲಿನ ಬೆಂಚಿಗೆ ಹತ್ತಿ ಕೂತ ಸ್ವಲ್ಪ ಹೊತ್ತಿಗೆ "ಸುಡಾಕತ್ತೈತಿ" ಎಂದು ಕುಪ್ಪಳಿಸಿದರು. ಕೊರಳಲ್ಲಿದ್ದ ಲಿಂಗದ ಬೆಳ್ಳಿಯ ಕರಡಿಗೆ ಕಾದಿತ್ತು. ಅದನ್ನು ತೆಗೆದಿಡಬಾರದು. ವಿಷಯ ತಿಳಿದ ಪೆಕ್ಕಾ ಏನೂ ಕೇಳದೆ ತಮ್ಮ ಟವೆಲ್ಲನ್ನು ತಣ್ಣೀರಿನಲ್ಲಿ ಅದ್ದಿ ಕೊಟ್ಟರು. ಕರಡಿಗೆಯನ್ನು ಅದರಲ್ಲಿ ಸುತ್ತಿ, ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದುಕೊಂಡು ಅಮರಪ್ಪ ಕೂತರು. ಹೀಗೆ ನಾವು ಮಾತಾಡಿದೆವು.

ಬಾಯಿಗೆ ಹಲಗೆ ಬಿದ್ದರೆ ಕೆರೆಯ ಮಟ್ಟ ಏರುತ್ತದೆ. ಮಟ್ಟ ಏರಿದೆ ಎಂದರೆ ಹೆಚ್ಚು ನೀರು ಹೊರಗೆ ಹೋಗುತ್ತಿದೆ ಎಂದೇ ಮಾದರಿ ತಿಳಿಯುತ್ತದೆ. ನಿಜದಲ್ಲಿ ಕಡಿಮೆ ಹೋಗುತ್ತಿರುತ್ತದೆ. ಗೇಜ್ ಸುಳ್ಳು ಹೇಳಿಲ್ಲ, ಯಂತ್ರವೂ ಹೇಳಿಲ್ಲ.

"ನನ್ನ ಮ್ಯಾಲಿನ ಗೇಜೂ ಹಂಗ," ಎಂದರು ಅಮರಪ್ಪ ನಿಧಾನವಾಗಿ. "ತುರ್ವಿಹಾಳದಾಗ ಗೇಜಿನ ಕೆಳಗ ಉಸುಕಿನ ಚೀಲ ಇಡ್ತಾರ, ನೀರು ಏರಿಸಿ ತೂಬಿಗೆ ತಗೊಳ್ಳಾಕ. ನಾ ಹೋದಾಗೆಲ್ಲಾ ತಗದು ಒಗದೀನಿ, ಬೈದೀನಿ. ಚೀಲದಿಂದ ಗೇಜ್ ಏರ್ತೈತಿ ಅಂತ ಯಾವತ್ತೂ ತಲಿಗೆ ಹೊಳೀಲಿಲ್ಲ. ಹನ್ನೊಂದು ವರ್ಷ!"

ಆಮೇಲೆ ಅವರು ಬಂದ ಕೆಲಸ ಹೇಳಿದರು. ನನ್ನ ಗೇಜ್ ಖರೇ ಅಂತ ಒಂದು ಕಾಗದ ಬರೆದುಕೊಡಲಿ.

ಪೆಕ್ಕಾ ಸೌಟು ಎತ್ತಿಕೊಂಡರು. ಕಲ್ಲಿಗೆ ನೀರು ಹಾಕಿದರು. ಬರೆಯಲಾರೆ ಎಂದರು. "ನಾನು ಆ ಚೀಲಗಳನ್ನು ನೋಡಿಲ್ಲ. ನನ್ನ ಲೆಕ್ಕದ ಕೆರೆಯ ಹಲಗೆಯನ್ನೇ ಎರಡು ವರ್ಷ ನೋಡಿರಲಿಲ್ಲ."

ಅನುವಾದಿಸುವಾಗ ನನ್ನ ಕಿವಿ ಬಿಸಿಯಾದದ್ದು ಹಬೆಗಲ್ಲ.

ಅಮರಪ್ಪನವರ ಮುಖ ಇಳಿಯಿತು. ಹೋಗಲಿ, ಹಲಗೆಯನ್ನಾದರೂ ನಾಳೆ ತೆಗೆಸುತ್ತೀರಲ್ಲ ಎಂದು ಕೇಳಿದರು. ಇಲ್ಲ ಎಂದರು ಪೆಕ್ಕಾ. "ತೆಗೆಸಿದರೆ ಮುಂದಿನ ವರ್ಷ ನನಗೆ ಕಾಣದ ಹಾಗೆ ಇಡುತ್ತಾರೆ. ಇದ್ದ ಹಾಗೇ ಇರಲಿ. ಇಟ್ಟ ದಿನ, ತೆಗೆದ ದಿನ ಹೇಳಿದರೆ ಸಾಕು. ಮಾದರಿಯಲ್ಲಿ ಆ ದಿನಗಳಿಗೆ ಬಾಯಿ ಸಣ್ಣದು ಮಾಡುತ್ತೇನೆ."

ಮರುದಿನ ಅವರು ಹಳೆಯ ಪುಸ್ತಕಗಳೊಂದಿಗೆ ಹೆಲ್ಮಿಯ ಅಡುಗೆಕೋಣೆಯಲ್ಲಿ ಕೂತರು. ಯಾವ ವರ್ಷ ಯಾವ ದಿನ ಹಲಗೆ ಇಟ್ಟರೆಂದು ಅವಳು ನೆಂಟರ ಮದುವೆ, ಹಸು ಕರು ಹಾಕಿದ್ದು ನೆನೆದು ಹೇಳುತ್ತಾ ಹೋದಳು. ಪೆಕ್ಕಾ ಖಾಲಿ ಕಾಲಂನಲ್ಲಿ ಬರೆದರು. ಪ್ರತಿಯೊಂದರ ಮುಂದೂ ಅಮರಪ್ಪ ಬೆರಳಿಟ್ಟು ಸಹಿ ಹಾಕಿಸಿದರು. ಸಂಜೆ ಕಂಪ್ಯೂಟರಿನ ಮೇಲೆ ಎರಡು ಗೆರೆಗಳು ಒಂದರ ಮೇಲೊಂದು ಕೂತವು. ಪೆಕ್ಕಾ ಅಮರಪ್ಪನವರ ಕೈ ಕುಲುಕಿದರು.

ತುರ್ವಿಹಾಳ, ಬಳಗಾನೂರು

ಕಾಗದವಿಲ್ಲದೆ ಮರಳಿದೆವು. ದಾರಿಯುದ್ದಕ್ಕೂ ಅಮರಪ್ಪ ಫಿನ್ಲೆಂಡಿನವರಂತೆಯೇ ಕೂತಿದ್ದರು.

ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಕರೆದರು. ಈ ಸಲ ನಾನು ಬಸ್ಸು ಹತ್ತಿದೆ. ತುರ್ವಿಹಾಳದ ಗೇಜಿನ ಕೆಳಗೆ, ಕಾಲುವೆಗೆ ಅಡ್ಡಲಾಗಿ ಚೀಲಗಳು ಸಾಲಾಗಿ ಕೂತಿದ್ದವು. ದಂಡೆಯ ಮೇಲೆ ಸಲಿಕೆ ಹಿಡಿದು ನಿಂತಿದ್ದ ರೈತ ಅಮರಪ್ಪನವರನ್ನು ಕಂಡು ಬೈಗುಳಕ್ಕೆ ತಯಾರಾದ.

"ತಗೀರಿ, ತಗೀರಿ. ನೀವು ಹೋದ ಕೂಡ್ಲೆ ಮತ್ತ ಇಡ್ತೀವಿ."

"ತೆಗಿಯಾಕ ಬಂದಿಲ್ಲಪಾ. ಬರಿಯಾಕ ಬಂದೀನಿ. ಯಾವಾಗ ಇಟ್ಟಿ?"

ರೈತ ನನ್ನ ಕಡೆ ನೋಡಿದ. "ಫಾರಿನ್‌ದಾಗ ಏನ್ ಕುಡಸ್ಯಾರ್ರೀ ಸಾಹೇಬ್ರಿಗೆ? ಭಾಳ ಮೆತ್ತಗಾಗ್ಯಾರ."

"ತಣ್ಣೀರು ಕುಡಸ್ಯಾರ, ಕುತ್ತಿಗಿ ಮಟ. ಹೇಳೋ ಮಾರಾಯ."

"ನನ್ನ ಹೆಸರು ಬರೀತೀರೇನು?"

"ಹೆಸರು ಯಾಕ ಬೇಕು? ಚೀಲ ಅಷ್ಟ ಬರೀತೀನಿ."

ನಿನ್ನೆ ಬೆಳಿಗ್ಗೆ ಇಟ್ಟದ್ದು, ನಾಡಿದ್ದು ತೆಗೆಯುತ್ತೇವೆ ಎಂದ. ಹೇಳಿದಂತೆ ತೆಗೆದ. ಚೀಲ ಇದ್ದ ದಿನ ಮೇಲೆ ಹೆಚ್ಚು, ಕೆಳಗೆ ಕಡಿಮೆ. ತೆಗೆದ ಮೇಲೆ ಎರಡೂ ಗೇಜುಗಳ ಲೆಕ್ಕ ಕೂಡಿತು. ನಾಟಿ ಮುಗಿಯುವ ತನಕ ಅಮರಪ್ಪ ಹೀಗೆ ಬರೆದರು. ವಿಚಾರಣೆಗೆ ಬಂದ ಅಧಿಕಾರಿಯನ್ನು ಕುರ್ಚಿಯಲ್ಲಿ ಕೂರಲು ಬಿಡದೆ ಎರಡು ದಿನ ಕಾಲುವೆಯ ದಂಡೆ ಮೇಲೆ ನಡೆಸಿದರು: ಒಂದು ದಿನ ಚೀಲ ಇದ್ದಾಗ, ಒಂದು ದಿನ ಇಲ್ಲದಾಗ. ಎರಡನೆಯ ದಿನ ಅಧಿಕಾರಿ ಎರಡೂ ರೀಡಿಂಗನ್ನು ತಾವೇ ನೋಡಿ ಕೂಡಿಸಿದರು. ಮೆಮೊ ವಾಪಸಾಯಿತು.

ನಾನು ತಿದ್ದುಪಡಿ ಬರೆದೆ. ಅಮರಪ್ಪನವರ ಲೆಕ್ಕ ಸರಿಯಿತ್ತು, ಹಿಂದೆ ಪ್ರಕಟವಾದ ಸುದ್ದಿ ತಪ್ಪು, ವರದಿಗಾರ ಸ್ಥಳ ನೋಡಿರಲಿಲ್ಲ ಎಂದು. ಒಳಪುಟದಲ್ಲಿ ಬಂತು. ಪತ್ರಿಕೆ ಹಿಡಿದುಕೊಂಡು ಬಳಗಾನೂರಿನ ಆಚೆಯ ಗೇಜಿಗೆ ಹೋದೆ. ಆಗ ತಾನೇ ಆರು ಗಂಟೆ. ಅವರು ಅಂಕಿ ಬರೆದು ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ತಿದ್ದುಪಡಿ ಓದಿದರು. ಕಿಸೆಯಿಂದ ಹಳೆಯ ತುಣುಕನ್ನೂ ತೆಗೆದರು. ಹಳೆಯದರ ಮೇಲೆ ಅಡ್ಡ ಒಂದೇ ಗೆರೆ ಎಳೆದರು. ಎರಡನ್ನೂ ಅವತ್ತಿನ ಪುಟದಲ್ಲಿ, ಷರಾ ಕಾಲಂನಲ್ಲಿ ಪಕ್ಕಪಕ್ಕ ಅಂಟಿಸಿ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು.

ನಾನು ಸಹಿ ಹಾಕಿದೆ.